ಹದಿಹರೆಯದ ಗರ್ಭಧಾರಣೆ: ಮಂಡ್ಯ-ಮೈಸೂರು ಕಡೆಯಿಂದ ಓದಿದರೆ

ಹದಿಹರೆಯದ ಗರ್ಭಧಾರಣೆಗೆ ಕಾರಣಗಳೇನು, ಪರಿಣಾಮಗಳೇನು? ಸಮಾಜಕಾರ್ಯ ಓದುವವರಿಗೆ ಇದು ಪರೀಕ್ಷೆಯ ಪರಿಚಿತ ಪ್ರಶ್ನೆ. ಗೈಡುಗಳಲ್ಲಿ ಕಾರಣಗಳ ಪಟ್ಟಿ ಸಿದ್ಧ ಇರುತ್ತದೆ: ಸ್ನೇಹಿತರ ಒತ್ತಡ, ಮೊಬೈಲ್, ಲೈಂಗಿಕ ಶಿಕ್ಷಣದ ಕೊರತೆ. ಅಷ್ಟು ಬರೆದರೂ ಅಂಕ ಬರಬಹುದು. ಆದರೆ ಮಳವಳ್ಳಿ, ನಾಗಮಂಗಲ, ಹುಣಸೂರು ಕಡೆಯ ಹಳ್ಳಿಗಳಿಗೆ ಫೀಲ್ಡ್‌ವರ್ಕ್‌ಗೆ ಹೋದರೆ ಪಟ್ಟಿಯ ಮೊದಲ ಸಾಲೇ ಬದಲಾಗಬೇಕು ಅನ್ನಿಸುತ್ತದೆ. ಇಲ್ಲಿ ಎಳೆಯ ಬಸುರಿಯರಲ್ಲಿ ಹೆಚ್ಚಿನವರ ಕೊರಳಲ್ಲಿ ತಾಳಿ ಇರುತ್ತದೆ. ಹಾಗಾಗಿ ನಾನು ಬಾಲ್ಯವಿವಾಹವನ್ನು ಮೊದಲ ಕಾರಣವಾಗಿ ಬರೆಯುತ್ತೇನೆ. ಉಳಿದವು ಆಮೇಲೆ.

ವ್ಯಾಖ್ಯಾನ ಸುಲಭ, ಆದರೆ ಒಂದು ಕಡೆ ಜಾರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 10ರಿಂದ 19 ವರ್ಷ ಹದಿಹರೆಯ. ನಮ್ಮ ಕಾನೂನಿನಲ್ಲಿ 18 ತುಂಬಿದ ಹುಡುಗಿ ಮದುವೆಯಾಗಬಹುದು. ಅಂದರೆ 19ರ ಬಸುರಿ ಕಾನೂನಿನ ಪ್ರಕಾರ ಸರಿ, ಆರೋಗ್ಯದ ಲೆಕ್ಕದಲ್ಲಿ ಹದಿಹರೆಯದ ತಾಯಿ. ಉತ್ತರ ಬರೆಯುವಾಗ ಇವೆರಡನ್ನೂ ಕಲಸಬೇಡಿ.

ಅಂಕಿಅಂಶ ಕೇಳಿದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5 (2019-21) ಸಾಕು. 15-19ರ ಹೆಣ್ಣುಮಕ್ಕಳಲ್ಲಿ ಆಗಲೇ ತಾಯಿಯಾದವರು ಅಥವಾ ಬಸುರಿಯರು ದೇಶದಲ್ಲಿ ಶೇ. 6.8, ಕರ್ನಾಟಕದಲ್ಲಿ ಶೇ. 5.4. ತ್ರಿಪುರಾದಲ್ಲಿ ಶೇ. 21.9. ನಮ್ಮ ರಾಜ್ಯದ್ದು ಹಿಂದಿನ ಸಮೀಕ್ಷೆಯಲ್ಲಿ 7.8 ಇತ್ತು, ಇಳಿದಿದೆ. ಆದರೆ 20-24 ವಯಸ್ಸಿನವರಲ್ಲಿ 18ಕ್ಕೂ ಮೊದಲೇ ಮದುವೆಯಾದವರು ಹಿಂದಿನ ಸಮೀಕ್ಷೆಯಲ್ಲಿ ಶೇ. 21.4, ಸಮೀಕ್ಷೆ-5ರಲ್ಲಿ 21.3. ಹೆಚ್ಚು ಕಡಿಮೆ ಅಲ್ಲೇ ನಿಂತಿದೆ, ಅಲ್ವಾ? ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಬರೀ ಮೊದಲನೆಯದನ್ನು ಬರೆದರೆ ಅರ್ಧ ಕತೆ ಹೇಳಿದಂತಾಗುತ್ತದೆ.

ಮದುವೆ ಬೇಗ ಆಗುವುದೇಕೆ

ಹತ್ತನೇ ಕ್ಲಾಸಿನವರೆಗೆ ಹೈಸ್ಕೂಲು ಹತ್ತಿರದಲ್ಲಿರುತ್ತದೆ. ಪಿಯು ಕಾಲೇಜಿಗೆ ಹೋಬಳಿಗೋ ತಾಲ್ಲೂಕು ಕೇಂದ್ರಕ್ಕೋ ಹೋಗಬೇಕು. ಉಚಿತ ಕಡ್ಡಾಯ ಶಿಕ್ಷಣದ ಕಾಯ್ದೆ 14 ವರ್ಷಕ್ಕೇ ಕೈಬಿಡುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ. ಆದರೆ ಟಿಕೆಟ್‌ಗಿಂತ ದೊಡ್ಡ ಅಡ್ಡಿ ಮನೆಯವರ ಭಯ. ಬಸ್‌ಸ್ಟ್ಯಾಂಡಿನಲ್ಲಿ ಯಾರ ಜೊತೆ ಮಾತಾಡಿದಳೋ, ನಾಳೆ ಓಡಿಹೋದರೆ ಮಾನ ಏನಾಗುತ್ತದೋ. ಅಷ್ಟರಲ್ಲಿ "ಒಳ್ಳೆ ಸಂಬಂಧ ಬಂದಿದೆ" ಅನ್ನುತ್ತಾರೆ. ಸೋದರಮಾವನೇ ಆದರೆ ಚರ್ಚೆಯೇ ಇಲ್ಲ. ಎಚ್.ಡಿ. ಕೋಟೆಯ ಬುಡಕಟ್ಟು ಹಾಡಿಗಳ ಮಾತು ಬೇರೆ. ಅಲ್ಲಿ ಪತ್ರಿಕೆ, ಛತ್ರ ಇಲ್ಲದೆಯೂ ಜೋಡಿಗಳು ಸಂಸಾರ ಹೂಡುವುದುಂಟು. ಛತ್ರಕ್ಕೆ ಹೋಗಿ ಮದುವೆ ನಿಲ್ಲಿಸುವ ಅಧಿಕಾರಿಗೆ ಅದು ಕಾಣುವುದೇ ಇಲ್ಲ.

ಮದುವೆಯಾದ ಮೂರೇ ತಿಂಗಳಿಗೆ "ಏನಾದ್ರೂ ವಿಶೇಷವಾ?" ಅಂತ ಅತ್ತೆ ಮನೆಯಲ್ಲಿ, ತವರಲ್ಲಿ, ನೀರಿನ ಟ್ಯಾಂಕಿನ ಹತ್ತಿರ ಕೇಳುತ್ತಾರೆ. ಗರ್ಭ ನಿಲ್ಲದಂತೆ ಕೊಡುವ ಅಂತರಾ ಇಂಜೆಕ್ಷನ್, ಛಾಯಾ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕೇಳುವ ಧೈರ್ಯ 17ರ ಸೊಸೆಗೆ ಎಲ್ಲಿಂದ ಬರಬೇಕು?

ಮೈಮೇಲೆ ಆಗುವುದು

ದೊಡ್ಡವಳಾದ ಮಾತ್ರಕ್ಕೆ ಮೈ ಹೆರಿಗೆಗೆ ಸಿದ್ಧ ಅಂತಲ್ಲ. ಮುಟ್ಟು ಶುರುವಾದ ಮೇಲೂ ಸೊಂಟದ ಮೂಳೆ ಕೆಲವು ವರ್ಷ ಬೆಳೆಯುತ್ತಲೇ ಇರುತ್ತದೆ. ಅದು ಸಣ್ಣದಿದ್ದರೆ ಮಗುವಿನ ತಲೆ ಇಳಿಯದೆ ಹೆರಿಗೆ ತಡವಾಗುತ್ತದೆ. ಸಮಯಕ್ಕೆ ಸಿಸೇರಿಯನ್ ಸಿಗದಿದ್ದರೆ ತಾಯಿ, ಮಗು ಇಬ್ಬರಿಗೂ ಅಪಾಯ. ಇನ್ನೊಂದು ಬಿಪಿ. ಐದು ತಿಂಗಳಾದ ಮೇಲೆ ಬಿಪಿ 140/90 ದಾಟಿ, ಮೂತ್ರದಲ್ಲಿ ಪ್ರೋಟೀನ್ ಕಂಡರೆ ಅದು ಪ್ರಿಎಕ್ಲಾಂಪ್ಸಿಯಾ. ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ. 20-24ರ ತಾಯಂದಿರಿಗಿಂತ ಹದಿಹರೆಯದವರಲ್ಲಿ ಇದೂ, ಹೆರಿಗೆಯ ನಂತರದ ಸೋಂಕೂ ಜಾಸ್ತಿ.

ರಕ್ತಹೀನತೆಯನ್ನು ಬಿಡಿಸಿ ಬರೆಯಿರಿ. ದೇಶದಲ್ಲಿ 15-19ರ ಹೆಣ್ಣುಮಕ್ಕಳಲ್ಲಿ ಶೇ. 59.1ರಷ್ಟು ಮಂದಿಗೆ ಇದಿದೆ. ಬಸುರಿಯಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಾದರೆ ತೀವ್ರ. ತಾನೇ ಇನ್ನೂ ಬೆಳೆಯುತ್ತಿರುವ ಹುಡುಗಿಯ ಊಟದಲ್ಲಿ ಹೊಟ್ಟೆಯ ಮಗುವೂ ಪಾಲು ಕೇಳುತ್ತದೆ. ಮಗು ಎರಡೂವರೆ ಕಿಲೋಗಿಂತ ಕಡಿಮೆ ತೂಕದ್ದಾಗುವ, 37 ವಾರಕ್ಕೂ ಮೊದಲೇ ಹುಟ್ಟುವ ಸಾಧ್ಯತೆ ಹೆಚ್ಚು. ವಯಸ್ಸೊಂದೇ ಇದಕ್ಕೆ ಕಾರಣ ಅಂತ ಮಾತ್ರ ಬರೆಯಬೇಡಿ. ಬಡತನ, ತಡವಾಗಿ ತೋರಿಸಿಕೊಳ್ಳುವುದು ಎರಡೂ ಜೊತೆಗಿರುತ್ತವೆ.

ತಡ ಯಾಕೆ? ಇಲ್ಲಿ ಕಾನೂನು ಬರುತ್ತದೆ.

ಕೇಸಿನ ಭಯ

2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ 2016ರಲ್ಲಿ ತಿದ್ದುಪಡಿ ಮಾಡಿತು. ಅದರಂತೆ ಇಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಮೂಲ ಕಾಯ್ದೆಯಲ್ಲಾದರೆ ಸಾಮಾನ್ಯವಾಗಿ ಹುಡುಗಿಯೋ ಹುಡುಗನೋ ಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು. ಹುಟ್ಟಿದ ಮಗು ಮಾತ್ರ ಕಾನೂನುಬದ್ಧ ಸಂತಾನವೇ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆ ಪ್ರಕಾರ 18ರೊಳಗಿನವರ ಜೊತೆಗಿನ ಲೈಂಗಿಕ ಸಂಬಂಧ ಅಪರಾಧ. 2017ರಲ್ಲಿ ಸುಪ್ರೀಂ ಕೋರ್ಟ್ ಗಂಡನಿಗೂ ವಿನಾಯಿತಿ ಇಲ್ಲ ಎಂದಿತು. ವಿಷಯ ಗೊತ್ತಾದ ವೈದ್ಯರು, ಆಶಾ ಕಾರ್ಯಕರ್ತೆ, ಮೇಷ್ಟ್ರು ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು.

ಕಾನೂನು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಇನ್ನೊಂದು ಮುಖವನ್ನೂ ಬರೆಯಿರಿ. ತಾಯಿ ಕಾರ್ಡ್ ಮಾಡಿಸಲು ಹೋದರೆ ಆಧಾರ್‌ನಲ್ಲಿ ವಯಸ್ಸು ಗೊತ್ತಾಗುತ್ತದೆ, ಗಂಡ ಜೈಲಿಗೆ, ಅಪ್ಪ ಸ್ಟೇಷನ್ನಿಗೆ. ಆ ಭಯಕ್ಕೆ ಮೊದಲ ಮೂರು ತಿಂಗಳ ತಪಾಸಣೆ ತಪ್ಪುತ್ತದೆ. ಕೆಲವರು ಮೆಡಿಕಲ್ ಶಾಪಿನ ಗರ್ಭಪಾತದ ಮಾತ್ರೆ ನುಂಗಿಸಿ, ರಕ್ತಸ್ರಾವ ನಿಲ್ಲದಾದಾಗ ಆಸ್ಪತ್ರೆಗೆ ಓಡುತ್ತಾರೆ. ಇದನ್ನು ಅರಿತೇ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ, ಗರ್ಭಪಾತಕ್ಕೆ ಬಂದ ಬಾಲಕಿಯೂ ಪೋಷಕರೂ ಕೇಳಿಕೊಂಡರೆ ವೈದ್ಯರು ಪೊಲೀಸರಿಗೆ ಅವಳ ಹೆಸರು ಕೊಡಬೇಕಿಲ್ಲ ಎಂದು ಹೇಳಿತು. ಇದನ್ನು ಉಲ್ಲೇಖಿಸುವವರು ಕಡಿಮೆ, ನೀವು ಬರೆಯಿರಿ.

ಹುಡುಗರ ಪಾಡು ಗೈಡಿನಲ್ಲಿ ಇರುವುದೇ ಇಲ್ಲ. ಪ್ರೀತಿಸಿ ಓಡಿಹೋದ 19ರ ಹುಡುಗ ಆರೋಪಿಯಾಗುತ್ತಾನೆ. ಓದು, ಕೆಲಸ ಎರಡೂ ಹೋಗುತ್ತವೆ. ಒಪ್ಪಿಗೆಯ ವಯಸ್ಸು ಇಳಿಸಬೇಕೇ ಎಂಬ ಚರ್ಚೆ ನಡೆದು, ಕಾನೂನು ಆಯೋಗ 2023ರ ವರದಿಯಲ್ಲಿ ಬೇಡ ಎಂದಿತು. ಸಮಾಜದ ಮೇಲಿನ ಪರಿಣಾಮ ಎಲ್ಲರೂ ಬರೆಯುವುದೇ: ಓದು ನಿಲ್ಲುತ್ತದೆ, ಮದ್ದೂರು, ಶ್ರೀರಂಗಪಟ್ಟಣದ ಕಡೆಯ ಗಾರ್ಮೆಂಟ್ಸಿಗೋ ಕಬ್ಬಿನ ಗದ್ದೆಗೋ ಕೂಲಿ, ಬೇಗನೆ ಎರಡನೇ ಮಗು, ಕಡಿಮೆ ತೂಕದ ಹೆಣ್ಣುಕೂಸು ಮುಂದೆ ಸೊರಗಿದ ತಾಯಿ.

ಕೇಸ್ ಪ್ರಶ್ನೆ ಬಂದರೆ

"16ರ ಹುಡುಗಿ, ಐದು ತಿಂಗಳು, ತಾಯಿಯ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಿದ್ದಾಳೆ." ಮೊದಲು ಕಾಯ್ದೆ ಬಿಚ್ಚಬೇಡಿ. "ಕೂತ್ಕೊಳ್ಳಮ್ಮ, ಊಟ ಆಯ್ತಾ?" ಅಂತ ಶುರು ಮಾಡಿ, ಆಮೇಲೆ ಅವಳೊಬ್ಬಳ ಜೊತೆ ಮಾತಾಡಿ. ಬಿಪಿ, ಹಿಮೋಗ್ಲೋಬಿನ್, ಸ್ಕ್ಯಾನ್. ಮೈಸೂರಾದರೆ ಚೆಲುವಾಂಬ ಆಸ್ಪತ್ರೆಗೆ, ಮಂಡ್ಯವಾದರೆ ಮಿಮ್ಸ್ (ಮಂಡ್ಯ ವೈದ್ಯಕೀಯ ಕಾಲೇಜು) ಆಸ್ಪತ್ರೆಗೆ ಕಳಿಸಿ. ತಿಳಿಸುವ ಕರ್ತವ್ಯ ಇದೆಯೆಂದು ಅಮ್ಮ, ಮಗಳಿಬ್ಬರಿಗೂ ಮುಚ್ಚುಮರೆಯಿಲ್ಲದೆ ಹೇಳಿ. ಮಕ್ಕಳ ಕಲ್ಯಾಣ ಸಮಿತಿ, 1098 ಸಹಾಯವಾಣಿ ಎರಡನ್ನೂ ಬರೆಯಿರಿ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಂತೆ ಅಪ್ರಾಪ್ತೆಗೆ 24 ವಾರದವರೆಗೆ ಗರ್ಭಪಾತಕ್ಕೆ ಅವಕಾಶವಿದೆ. 20 ವಾರ ದಾಟಿದರೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಪೋಷಕರ ಒಪ್ಪಿಗೆ ಎಷ್ಟೇ ವಾರವಾಗಿದ್ದರೂ ಬೇಕು. ಇಟ್ಟುಕೊಳ್ಳುವುದೋ ಬಿಡುವುದೋ ಅವಳನ್ನು ಕೇಳದೆ ತೀರ್ಮಾನಿಸುವಂತಿಲ್ಲ. ಕೊನೆಯ ಎರಡು ಸಾಲು ಓದಿಗೆ ಇಡಿ: ಬಾಣಂತನ ಮುಗಿದ ಮೇಲೆ ಖಾಸಗಿ ಅಭ್ಯರ್ಥಿಯಾಗಿ ಎಸ್ಎಸ್ಎಲ್‌ಸಿ ಕಟ್ಟಬಹುದು, ಅರ್ಜಿ ತುಂಬಿಸುವವರೆಗೂ ಅವಳ ಫೈಲ್ ಮುಚ್ಚಬಾರದು.