ಮಾತ್ರೆಗಳನ್ನು ಮುಂದಿಟ್ಟುಕೊಂಡು ಕಾಲ್ ಮಾಡಿ

ಹಾರ್ಟ್ ಅಟ್ಯಾಕ್ ಆಗಿ ಮನೆಗೆ ಮರಳಿದವರನ್ನು ವಿಡಿಯೊ ಕಾಲ್‌ನಲ್ಲಿ ನೋಡುವಾಗ ನಾನು ಮೊದಲು ಹೇಳುವುದು ಒಂದೇ ಮಾತು. "ಮಾತ್ರೆ ಎಲ್ಲಾ ತಂದು ಕ್ಯಾಮೆರಾ ಮುಂದೆ ಇಡಿ." ಸುಮ್ನೆ "ಮಾತ್ರೆ ತಗೊಳ್ತಿದ್ದೀರಾ?" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಸ್ಟ್ರಿಪ್ ನೋಡಿದಾಗಲೇ ನಿಜ ಗೊತ್ತಾಗುವುದು.

ಒಬ್ಬರಿಗೆ ಸ್ಟೆಂಟ್ (ಹೃದಯದ ರಕ್ತನಾಳ ಮುಚ್ಚದಂತೆ ಒಳಗಿಡುವ ಸಣ್ಣ ಜಾಲರಿ ಕೊಳವೆ) ಹಾಕಿ ಮೂರು ವಾರ ಆಗಿತ್ತು. ರಕ್ತ ಹೆಪ್ಪುಗಟ್ಟದಿರಲು ಕೊಟ್ಟಿದ್ದ ಎರಡು ಮಾತ್ರೆಗಳಲ್ಲಿ ಒಂದರ ಸ್ಟ್ರಿಪ್ ಹೆಚ್ಚುಕಡಿಮೆ ತುಂಬಿಯೇ ಇತ್ತು. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬಂತಂತೆ, ಹೆದರಿ ನಿಲ್ಲಿಸಿದ್ದರು. ಅವರನ್ನು ಗದರಲು ನನಗೆ ಮನಸ್ಸಾಗಲಿಲ್ಲ. ಆ ಹೊತ್ತಿಗೆ ಕೇಳಲು ಯಾರೂ ಸಿಗದಿದ್ದರೆ ಯಾರಾದರೂ ಹಾಗೇ ಮಾಡುತ್ತಾರೆ, ಅಲ್ವಾ? ಆದರೆ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ಮತ್ತೆ ಅಟ್ಯಾಕ್ ಆಗಬಹುದು, ಜೀವಕ್ಕೇ ಕುತ್ತು. ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್ ಅನ್ನು ಸಾಮಾನ್ಯವಾಗಿ 12 ತಿಂಗಳು ಕೊಡುತ್ತೇವೆ. ಕೆಲವರಿಗೆ ಬೇಗ ನಿಲ್ಲಿಸುವುದುಂಟು, ಆದರೆ ಅದನ್ನು ಡಾಕ್ಟರೇ ಹೇಳಬೇಕು. ಟಿಕಾಗ್ರೆಲಾರ್‌ನಿಂದ ಕೆಲವರಿಗೆ ಉಸಿರು ಸಾಲದ ಹಾಗೆ ಆಗುತ್ತದೆ. ಬಿಪಿಗೂ ಹೃದಯಕ್ಕೂ ಕೊಡುವ ರಾಮಿಪ್ರಿಲ್‌ನಿಂದ ಒಣಕೆಮ್ಮು ಬರಬಹುದು. ಇವಕ್ಕೆಲ್ಲ ಬದಲಿ ಮಾತ್ರೆಗಳಿವೆ. ನೀವೇ ನಿಲ್ಲಿಸುವ ಮೊದಲು ನಮಗೆ ಒಂದು ಮಾತು ತಿಳಿಸಿ. ಈ ಕಾಲ್ ಇರುವುದೇ ಅದಕ್ಕೆ.

ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂತಿರಿ. ಬೆನ್ನಿಗೆ ಆಸರೆ ಇರಲಿ, ಪಾದ ನೆಲಕ್ಕೆ ತಾಗಲಿ, ತೋಳು ಎದೆಯ ಮಟ್ಟದಲ್ಲಿರಲಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದಿಡಿ. ತುಂಬಾ ಜನ ಜಾಸ್ತಿ ಬಂದದ್ದನ್ನು ಬಿಟ್ಟು ಕಡಿಮೆ ಬಂದದ್ದನ್ನಷ್ಟೇ ಬರೆಯುತ್ತಾರೆ. ನನಗೆ ಬೇಕಾಗಿರುವುದು ಆ ಬಿಟ್ಟುಹೋದ ಸಂಖ್ಯೆಯೇ.

ಹೃದಯ ದುರ್ಬಲವಾಗಿದೆ ಎಂದು ಹೇಳಿಸಿಕೊಂಡವರು ದಿನಾ ಬೆಳಿಗ್ಗೆ ತಿಂಡಿಗೆ ಮೊದಲು ತೂಕವನ್ನೂ ನೋಡಬೇಕು. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ಮೈಯಲ್ಲಿ ನಿಂತ ನೀರು. ಅವತ್ತೇ ಫೋನ್ ಮಾಡಿ.

ಫೋನಿನ ಮೂಲಕ ಇಷ್ಟೆಲ್ಲಾ ಆಗುತ್ತದಾ ಎಂದು ಅನುಮಾನಪಡುವವರಿದ್ದಾರೆ. ಸಿಡ್ನಿಯ ಸಂಶೋಧಕರು ಹೃದ್ರೋಗಿಗಳಿಗೆ ಆರು ತಿಂಗಳು, ವಾರಕ್ಕೆ ನಾಲ್ಕರಂತೆ ಬರೀ ಮೆಸೇಜ್ ಕಳಿಸಿ ನೋಡಿದ್ದರು. 2015ರಲ್ಲಿ ಫಲಿತಾಂಶ ಬಂತು. ಮೆಸೇಜ್ ಪಡೆದವರ ಬಿಪಿ, ಕೆಟ್ಟ ಕೊಲೆಸ್ಟ್ರಾಲ್ ಎರಡೂ ಉಳಿದವರಿಗಿಂತ ಕಡಿಮೆ ಇತ್ತು. ಸಿಗರೇಟ್ ಸೇದುವವರೂ ಅವರಲ್ಲಿ ಕಡಿಮೆ.

ಆದರೂ ಎದೆಗೆ ಸ್ಟೆತಸ್ಕೋಪ್ ಇಡುವುದು ಸ್ಕ್ರೀನಿನಿಂದ ಆಗದು. ಕಾಲು ಊದಿದೆಯಾ ಎಂದು ತಿಳಿಯಲು ಮನೆಯವರಿಗೆ ಹೆಬ್ಬೆರಳಿನಿಂದ ಮೊಣಕಾಲ ಕೆಳಗಿನ ಮೂಳೆಯ ಮೇಲೆ ಒತ್ತಿ ಹಿಡಿಯಲು ಹೇಳುತ್ತೇನೆ. ಗುಳಿ ಉಳಿದರೆ ಆಸ್ಪತ್ರೆಗೆ ಕರೆಸುತ್ತೇನೆ. ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಲು ಹೇಗೂ ಬರಲೇಬೇಕು. ಎದೆನೋವು, ಬೆವರು, ಉಸಿರುಗಟ್ಟುವುದು ಶುರುವಾದರೆ ಮಾತ್ರ ನನ್ನ ಕಾಲ್‌ಗೆ ಕಾಯಲೇಬೇಡಿ, ಆಂಬುಲೆನ್ಸ್ ಕರೆಯಿರಿ. "ನಾಳೆ ಹೇಗೂ ಡಾಕ್ಟರ್ ಹತ್ರ ಮಾತಾಡೋದಿದೆಯಲ್ಲ" ಎಂದು ರಾತ್ರಿಯಿಡೀ ನೋವು ನುಂಗಿಕೊಂಡವರನ್ನು ನೋಡಿದ್ದೇನೆ. ಅಷ್ಟು ಹೊತ್ತಿನಲ್ಲಿ ಹೃದಯದ ಸ್ನಾಯು ಸಾಯುತ್ತಲೇ ಇರುತ್ತದೆ.

ಕಾಲ್ ಮುಗಿಸುವ ಮೊದಲು ಮನೆಯವರ ಜೊತೆಗೂ ಎರಡು ನಿಮಿಷ ಮಾತಾಡುತ್ತೇನೆ. ಹೋದ ವಾರ ಒಬ್ಬರ ಹೆಂಡತಿ, ಗಂಡ ಎದ್ದು ಒಳಗೆ ಹೋದ ಮೇಲೆ ಮೆಲ್ಲಗೆ ಹೇಳಿದರು: "ಬಿಪಿ ಎಲ್ಲಾ ಸರಿ ಇದೆ ಡಾಕ್ಟ್ರೇ. ಆದ್ರೆ ರಾತ್ರಿ ನಿದ್ದೇನೇ ಮಾಡಲ್ಲ, ಎದೆ ಮೇಲೆ ಕೈ ಇಟ್ಕೊಂಡು ಕೂತಿರ್ತಾರೆ." ಮುಂದಿನ ಕಾಲ್ ತಿಂಗಳ ನಂತರ ಇತ್ತು. ಅದನ್ನು ಮೂರನೇ ದಿನಕ್ಕೆ ಬದಲಾಯಿಸಿದೆ.