ಡೆಂಟಲ್ ಅಲರ್ಜಿ ನೋಟ್ಸ್: ಮೊದಲು "ಎಷ್ಟು ಹೊತ್ತಿಗೆ ಶುರುವಾಯ್ತು" ಅಂತ ಕೇಳಿ

ತುಮಕೂರಲ್ಲಿ ಓಪಿಡಿ ಪೋಸ್ಟಿಂಗ್ ಮಾಡಿದೋರಿಗೆಲ್ಲ ಇದು ಗೊತ್ತಿರುತ್ತೆ, ಶಿರಾ ಕಡೆಯಿಂದಲೋ ಪಾವಗಡದಿಂದಲೋ ಬಂದ ಅಜ್ಜಿ ಚೇರ್ ಮೇಲೆ ಕೂತ್ಕೊಂಡ ತಕ್ಷಣ "ನಂಗೆ ಹಲ್ಲಿನ ಇಂಜೆಕ್ಷನ್ ಆಗಿ ಬರಲ್ಲ ಕಣಪ್ಪಾ" ಅಂತಾರೆ, ನಾವು ಕೇಸ್ ಶೀಟಲ್ಲಿ ಲಿಗ್ನೋಕೇನ್ (ಮರಗಟ್ಟಿಸೋ ಮದ್ದು) ಅಲರ್ಜಿ ಅಂತ ಬರೆದುಬಿಡ್ತೀವಿ. ನಾನೂ ಹಂಗೆ ಬರ್ದು ಬೈಸ್ಕೊಂಡಿದೀನಿ. ಲಿಗ್ನೋಕೇನ್ ಅಮೈಡ್ ಅನ್ನೋ ರಾಸಾಯನಿಕ ಗುಂಪಿಂದು, ಅದಕ್ಕೆ ನಿಜವಾದ ಅಲರ್ಜಿ ತುಂಬಾ ಅಪರೂಪ. ಆವತ್ತು ಏನಾಯ್ತಮ್ಮಾ ಅಂತ ಕೂತು ಕೇಳಿ, "ಬೆವರು ಬಂತು, ಕಣ್ಣು ಕತ್ಲೆ ಬಂತು, ಮಲಗಿಸಿದ್ರು ಸರಿಹೋಯ್ತು" ಅಂದ್ರೆ ಅದು ಭಯಕ್ಕೆ ತಲೆ ಸುತ್ತಿದ್ದು. ಎದೆ ಡವಡವ ಅಂದಿದ್ರೆ ಅದ್ರಲ್ಲಿ ಸೇರಿಸಿರೋ ಅಡ್ರಿನಲಿನ್ ಕೆಲಸ.

ಟೈಪ್ 1, ಅಂದ್ರೆ ತಕ್ಷಣ ಬರೋ ಅಲರ್ಜಿ, ಬೇರೆ ಥರ. ಸಾಮಾನ್ಯವಾಗಿ ನಿಮಿಷಗಳಲ್ಲೇ ಮೈಮೇಲೆ ಗಂದೆ, ತುಟಿ ರೆಪ್ಪೆ ಊದೋದು, ಉಸಿರಲ್ಲಿ ಸುಯ್ಯ್ ಸದ್ದು, ಬಿಪಿ ಇಳಿಯೋದು. ತಲೆ ಸುತ್ತಿ ಬಿದ್ದೋರ ನಾಡಿ ನಿಧಾನ ಆಗಿರುತ್ತೆ, ಅನಾಫಿಲ್ಯಾಕ್ಸಿಸಲ್ಲಿ (ಜೀವಕ್ಕೇ ಕುತ್ತು ತರೋ ಟೈಪ್ 1 ಅಲರ್ಜಿ) ಸಾಮಾನ್ಯವಾಗಿ ಓಡ್ತಿರುತ್ತೆ, ವೈವಾದಲ್ಲಿ ಇದನ್ನೇ ಕೇಳ್ತಾರೆ. ಆಗ ಮೊದಲ ಔಷಧ ಅವಿಲ್ (ಆಂಟಿಹಿಸ್ಟಮಿನ್, ಅಲರ್ಜಿ ತಗ್ಗಿಸೋ ಮದ್ದು) ಅಲ್ಲ, ಅಡ್ರಿನಲಿನ್: ದೊಡ್ಡೋರಿಗೆ 1:1000ದ್ದು 0.5 ಮಿ.ಲೀ., ತೊಡೆಯ ಹೊರಭಾಗದ ಸ್ನಾಯುಗೆ. ಅವಿಲ್ಲು ಸ್ಟೀರಾಯ್ಡು ಎಲ್ಲ ಆಮೇಲೆ.

ಲೇಟೆಕ್ಸ್ (ರಬ್ಬರ್ ಹಾಲಿನ) ಗ್ಲೌಸಿಂದನೂ ಟೈಪ್ 1 ಬರುತ್ತೆ, ಅದಕ್ಕೆ ಬಾಳೆಹಣ್ಣು ತಿಂದ್ರೆ ಬಾಯಿ ನವೆ ಆಗುತ್ತಾ ಅಂತ ಕೇಳ್ರೋ, ಲೇಟೆಕ್ಸ್ ಪ್ರೋಟೀನೂ ಬಾಳೆಹಣ್ಣಿನ ಪ್ರೋಟೀನೂ ಒಂದಕ್ಕೊಂದು ಹೋಲುತ್ತೆ. ಹೌದಂದ್ರೆ ಲೇಟೆಕ್ಸ್ ಇಲ್ಲದ ನೈಟ್ರೈಲ್ ಗ್ಲೌಸ್ ಹಾಕ್ಕೊಳ್ಳಿ. ನಮ್ಮ ಕೈ ಒಡೆಯೋದು ಮಾತ್ರ ಹೆಚ್ಚಾಗಿ ಅಲರ್ಜಿನೇ ಅಲ್ಲ, ಪದೇ ಪದೇ ತೊಳೆದು ಒದ್ದೆ ಕೈಗೇ ಗ್ಲೌಸ್ ಏರಿಸೋದು.

ಟೈಪ್ 4, ಅಂದ್ರೆ ವಸ್ತು ತಾಗಿದ್ದಕ್ಕೆ ಬರೋ ಅಲರ್ಜಿ, ತಡವಾಗಿ, ಒಂದೆರಡು ದಿನ ಬಿಟ್ಟು. ಇಲ್ಲಿ ನಿಕಲ್ ದೊಡ್ಡಣ್ಣ, ಮೆಟಲ್ ಕ್ಯಾಪ್ ಬಹಳಷ್ಟು ನಿಕಲ್-ಕ್ರೋಮಿಯಮ್ ಮಿಶ್ರಲೋಹ. "ನಿಕಲ್ ಅಲರ್ಜಿ ಇದ್ಯಾ" ಅಂದ್ರೆ ಯಾರಿಗೆ ಅರ್ಥ ಆಗುತ್ತೆ, ರೋಲ್ಡ್ ಗೋಲ್ಡ್ ಓಲೆ ಹಾಕಿದ್ರೆ ಕಿವಿ ಸೋರುತ್ತಾ ಅಂತ ಕೇಳಿ, ಥಟ್ ಅಂತ ಉತ್ತರ ಬರುತ್ತೆ. ಹಾಗಂತ ಕಿವಿ ಸೋರಿದೋರಿಗೆಲ್ಲ ಬಾಯಲ್ಲೂ ಆಗಲ್ಲ, ಎಂಜಲು ತೊಳೀತಾ ಇರುತ್ತಲ್ಲ. ಅಮಾಲ್ಗಮ್ (ಪಾದರಸ ಬೆರೆತ ಲೋಹ) ಫಿಲ್ಲಿಂಗ್ ತಾಗೋ ಜಾಗದಲ್ಲಷ್ಟೇ ಕೆನ್ನೆ ಒಳಗೆ ಬಿಳಿ ಗೆರೆ ಇದ್ರೆ ಲೈಕೆನಾಯ್ಡ್ (ಫಿಲ್ಲಿಂಗ್ ತಾಗಿದ್ದಕ್ಕೆ ಆದ ಪ್ರತಿಕ್ರಿಯೆ) ಅನ್ಕೊಳ್ಳಿ, ಎರಡೂ ಕಡೆ ಇದ್ರೆ ಲೈಕೆನ್ ಪ್ಲೇನಸ್ ಅನ್ನೋ ಬೇರೆ ಕಾಯಿಲೆ ಕಡೆ ಯೋಚನೆ ಹೋಗ್ಲಿ. ಹಲ್ಲಿನ ಸೆಟ್ ಕೆಳಗೆ ಕೆಂಪಾಗಿದ್ರೆ ಅಕ್ರಿಲಿಕ್ ಮಾನೋಮರನ್ನ (ಸೆಟ್ ಮಾಡೋ ಪ್ಲಾಸ್ಟಿಕ್ಕಿನ ದ್ರವ) ಬೈಯ್ಯೋಕೆ ಮುಂಚೆ ರಾತ್ರಿ ಸೆಟ್ ತೆಗೆದಿಡ್ತಾರಾ ಕೇಳಿ, ಹೆಚ್ಚಿನ ಸಲ ಅದು ಕ್ಯಾಂಡಿಡಾ ಅನ್ನೋ ಫಂಗಸ್. ಪ್ರಾಸ್ಥೋ (ಕೃತಕ ಹಲ್ಲು ಮಾಡೋ) ಲ್ಯಾಬಲ್ಲಿ ಗ್ಲೌಸ್ ಇದೆ ಅಂತ ಮಾನೋಮರಲ್ಲಿ ಕೈ ಆಡಿಸಬೇಡಿ, ಅದು ಕೆಲವೇ ನಿಮಿಷಕ್ಕೆ ಗ್ಲೌಸ್ ದಾಟುತ್ತೆ.

ಪ್ಯಾಚ್ ಟೆಸ್ಟ್ (ವಸ್ತುವನ್ನ ಚರ್ಮಕ್ಕೆ ಅಂಟಿಸಿ ನೋಡೋದು) ಟೈಪ್ 4ಕ್ಕೆ ಮಾತ್ರ, ಟೈಪ್ 1ಕ್ಕೆ ಪ್ರಿಕ್ ಟೆಸ್ಟು (ಚರ್ಮಕ್ಕೆ ಸಣ್ಣಗೆ ಚುಚ್ಚಿ ನೋಡೋದು), ಪರೀಕ್ಷೇಲಿ ಇದನ್ನ ಅದಲು ಬದಲು ಬರೆಯೋರೇ ಜಾಸ್ತಿ. ಸೋಮವಾರ ಬೆನ್ನಿಗೆ ಅಂಟಿಸಿದ್ರೆ ಬುಧವಾರ ತೆಗೆದು ನೋಡೋದು, ಶುಕ್ರವಾರ ಇನ್ನೊಂದು ಸಲ, ಅಲ್ಲೀವರೆಗೂ ಬೆನ್ನು ನೆನೆಯಂಗಿಲ್ಲ. ಪಾವಗಡದೋರಿಗೆ ಕಡಲೆಕಾಯಿ ಕೀಳೋ ಟೈಮಲ್ಲಿ ಡೇಟ್ ಕೊಡಬೇಡಿ, ಬೆವರಿಗೆ ಪ್ಯಾಚೂ ನಿಲ್ಲಲ್ಲ, ಶುಕ್ರವಾರ ಅವರೂ ಬರಲ್ಲ.