ಈರುಳ್ಳಿ ನೋಡುವುದು ಹಗಲನ್ನು, ಚಂದ್ರನನ್ನಲ್ಲ

ಯುರೋಪಿನ ಭಾರೀ ಗಾತ್ರದ ಈರುಳ್ಳಿಯ ಫೋಟೊ ಹಾಕಿದ ಬೀಜದ ಪ್ಯಾಕೆಟ್ಟುಗಳು ಈಗ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತವೆ. ತಾರಸಿ ತೋಟದವರು ಆಸೆಯಿಂದ ತರಿಸಿ ಬಿತ್ತುತ್ತಾರೆ, ಸೊಪ್ಪು ಸೊಗಸಾಗಿ ಬರುತ್ತದೆ, ತಿಂಗಳುಗಳು ಕಳೆದರೂ ಬುಡದಲ್ಲಿ ಗಡ್ಡೆ ಮಾತ್ರ ಇಲ್ಲ. ಆಮೇಲೆ ಸಲಹೆಗಳು ಶುರುವಾಗುತ್ತವೆ. ಪೊಟ್ಯಾಷ್ ಹಾಕಿ. ಸೊಪ್ಪು ಕತ್ತರಿಸಿ, ಶಕ್ತಿ ಕೆಳಗಿಳಿಯಲಿ. ಗಡ್ಡೆ ತರಕಾರಿ ಅಂದಮೇಲೆ ಹುಣ್ಣಿಮೆ ಕಳೆದ ಮೇಲೇ ನಾಟಿ ಮಾಡಬೇಕಿತ್ತು.

ಇದ್ಯಾವುದೂ ಕಾರಣ ಅಲ್ಲ. ಆ ಗಿಡಕ್ಕೆ ಬೇಕಿರುವುದು 14 ಗಂಟೆಗೂ ಉದ್ದದ ಹಗಲು. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲು 13 ಗಂಟೆಯನ್ನೂ ಮುಟ್ಟುವುದಿಲ್ಲ. ಎಷ್ಟು ಗೊಬ್ಬರ ಸುರಿದರೂ ಅದು ಕಾಯುತ್ತಲೇ ಇರುತ್ತದೆ.

ಈರುಳ್ಳಿಯ ಗಡ್ಡೆ ಬೇರೂ ಅಲ್ಲ, ಕಾಂಡವೂ ಅಲ್ಲ. ಬೇರುಗಳು ಹೊರಡುವ ಆ ಪುಟ್ಟ ಬಿಲ್ಲೆ ಇದೆಯಲ್ಲ, ಕಾಂಡ ಅಷ್ಟೇ. ನಾವು ತಿನ್ನುವ ಪದರಗಳೆಲ್ಲ ಎಲೆಗಳ ಉಬ್ಬಿದ ಬುಡಗಳು. ಗಡ್ಡೆ ಕಟ್ಟಲು ಶುರುವಾಗುವ ಹೊತ್ತಿಗೆ ಎಷ್ಟು ಎಲೆ ಇವೆ, ಎಷ್ಟು ಚೆನ್ನಾಗಿವೆ ಎಂಬುದರ ಮೇಲೆ ಅದರ ಗಾತ್ರ ನಿಂತಿದೆ. ಹಾಗಿರುವಾಗ ಸೊಪ್ಪು ಕತ್ತರಿಸುವುದು ಅಂದರೆ ಗಡ್ಡೆಯನ್ನೇ ಕತ್ತರಿಸಿದ ಹಾಗಲ್ವಾ?

ನನಗೆ ಇದರಲ್ಲಿ ಅತಿ ಇಷ್ಟವಾದ ಭಾಗ ಮುಂದಿನದು. ಗಿಡದೊಳಗೆ ದಿನದ ಗಡಿಯಾರವೊಂದಿದೆ. ಆ ಗಡಿಯಾರದ ಲೆಕ್ಕದಲ್ಲಿ ಸಂಜೆ ಆಗಬೇಕಾದ ಹೊತ್ತಿನಲ್ಲೂ ಎಲೆಯ ಮೇಲೆ ಬೆಳಕು ಬೀಳುತ್ತಿದ್ದರೆ, ಹಗಲು ಉದ್ದವಾಗಿದೆ ಎಂದು ಗಿಡಕ್ಕೆ ತಿಳಿಯುತ್ತದೆ. ಮುಂದೆ ಏನಾಗುತ್ತದೆ ಎಂಬುದನ್ನು ನ್ಯೂಜಿಲೆಂಡಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಹಗಲು ಚಿಕ್ಕದಾಗಿರುವಾಗ ಎಫ್‌ಟಿ4 ಎಂಬ ಜೀನು ಜೋರಾಗಿ ಕೆಲಸ ಮಾಡುತ್ತಾ ಎಫ್‌ಟಿ1 ಎಂಬ ಇನ್ನೊಂದನ್ನು ಅದುಮಿ ಇಡುತ್ತದೆ. ಹಗಲು ಬೆಳೆದಂತೆ ಎಫ್‌ಟಿ4 ಸುಮ್ಮನಾಗುತ್ತದೆ, ಎಫ್‌ಟಿ1 ತಲೆ ಎತ್ತುತ್ತದೆ, ಗಡ್ಡೆ ಕಟ್ಟುವುದು ಶುರುವಾಗುತ್ತದೆ. ಅಡುಗೆಯೆಲ್ಲ ಆಗಿ ನೆಂಟರೂ ಬಂದು ಕೂತಿದ್ದರೂ ಮುಹೂರ್ತ ಬರದೆ ತಾಳಿ ಕಟ್ಟುವುದಿಲ್ಲವಲ್ಲ, ಹಾಗೆ. ಇನ್ನೂ ಸೋಜಿಗ ಏನೆಂದರೆ ಇದು ಬೇರೆ ಗಿಡಗಳಲ್ಲಿ ಹೂ ಬಿಡಿಸುವ ಜೀನುಗಳ ಕುಟುಂಬ. ಈರುಳ್ಳಿಯಲ್ಲಿ ಹೂವಿಗೆ ಎಫ್‌ಟಿ2 ಎಂಬ ಬೇರೆಯದೇ ಪ್ರತಿ ಇದೆ, ಚಳಿ ತಾಗಿದ ಮೇಲೆ ಅದು ಎಚ್ಚರಗೊಳ್ಳುತ್ತದೆ.

ಈ ಮುಹೂರ್ತ ತಳಿಯಿಂದ ತಳಿಗೆ ಬೇರೆ. ನಮ್ಮ ಕಡೆಯ ತಳಿಗಳಿಗೆ 11–12 ಗಂಟೆ ಹಗಲು ಸಾಕು, ಬೆಚ್ಚಗಿದ್ದರೆ ಇನ್ನೂ ಬೇಗ. ಚಿತ್ರದುರ್ಗ, ಗದಗದ ಕಡೆ ಮುಂಗಾರಿನಲ್ಲಿ ಬಿತ್ತಿದ ಉಳ್ಳಾಗಡ್ಡಿ ಹಗಲು ಕುಗ್ಗುತ್ತಿರುವ ಕಾಲದಲ್ಲೂ ಗಡ್ಡೆ ಕಟ್ಟುವುದು ಇದರಿಂದಲೇ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಕಲ್ಯಾಣ್ ಇಂಥ ಮುಂಗಾರು ತಳಿ. ಇದನ್ನೇ ಒಯ್ದು ಸ್ಕಾಟ್ಲೆಂಡಿನ ವಸಂತದಲ್ಲಿ ಬಿತ್ತಿದರೆ ಉದ್ದ ಹಗಲು ಕಂಡ ಕೂಡಲೇ ನಾಲ್ಕೆಲೆಯ ಸಸಿಯೇ ಅವಸರ ಪಟ್ಟು ಗೋಲಿಯಷ್ಟು ಗಡ್ಡೆ ಕಟ್ಟಿ ಮುಗಿಸಿಬಿಡುತ್ತದೆ.

ಇನ್ನು ಹುಣ್ಣಿಮೆಯ ಮಾತು. ಹುಣ್ಣಿಮೆಯ ಬೆಳಕು ಸೂರ್ಯನ ಬೆಳಕಿಗಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಮಂದ. ಹಗಲಿನ ಉದ್ದ ಲೆಕ್ಕ ಹಾಕುತ್ತಿರುವ ಗಿಡಕ್ಕೆ ಅದು ಹಗಲಾಗಿ ಕಾಣುವುದಿಲ್ಲ. ಪಂಚಾಂಗ ನೋಡಲೇಬೇಕು ಅನ್ನುವವರು ಅದರಲ್ಲೇ ಅಚ್ಚಾಗಿರುವ ಸೂರ್ಯೋದಯ, ಸೂರ್ಯಾಸ್ತದ ಸಮಯ ನೋಡಲಿ. ಈರುಳ್ಳಿಗೆ ಬೇಕಾದದ್ದು ಅಲ್ಲಿದೆ.

ಗಿಡಗಳಿಗೆ ಹಗಲಿನ ಲೆಕ್ಕ ಗೊತ್ತು ಎಂಬುದು ಹೊರಬಿದ್ದದ್ದು ಒಂದು ಹಟಮಾರಿ ಹೊಗೆಸೊಪ್ಪಿನಿಂದ. ಬೇಸಿಗೆಯಲ್ಲಿ ಆಳೆತ್ತರ ಮೀರಿ ಬೆಳೆದರೂ ಅದು ಹೂ ಬಿಡುತ್ತಿರಲಿಲ್ಲ. ಅಮೆರಿಕದ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲ್ಲಾರ್ಡ್ ಅದರ ಕುಂಡಗಳನ್ನು ಮಧ್ಯಾಹ್ನಕ್ಕೇ ಕತ್ತಲೆಯ ಶೆಡ್ಡಿಗೆ ಸಾಗಿಸಿ ಹಗಲನ್ನು ಮೊಟಕು ಮಾಡಿದರು. ಹೂ ಬಂತು. 1920ರಲ್ಲಿ ಅದನ್ನು ಪ್ರಕಟಿಸಿದರು. 1937ರಲ್ಲಿ ಮ್ಯಾಗ್ರೂಡರ್ ಮತ್ತು ಅದೇ ಅಲ್ಲಾರ್ಡ್ ಸೇರಿ ಅಮೆರಿಕ, ಯುರೋಪಿನ ಈರುಳ್ಳಿ ತಳಿಗಳಲ್ಲಿ ಯಾವುದಕ್ಕೆ ಎಷ್ಟು ಹಗಲು ಬೇಕು ಎಂದು ಪರೀಕ್ಷಿಸಿದರು.

ವ್ಯಾಪಾರಿಗಳಿಗೆ ಕಾರಣ ಗೊತ್ತಿರಲಿಲ್ಲ, ಫಲ ಗೊತ್ತಿತ್ತು. 19ನೇ ಶತಮಾನದಲ್ಲಿ ಅಟ್ಲಾಂಟಿಕ್ ಸಾಗರದ ಬರ್ಮುಡಾ ದ್ವೀಪದವರು, ಉತ್ತರದ ಬೆಳೆ ಬರುವ ಮೊದಲೇ ನ್ಯೂಯಾರ್ಕಿಗೆ ಹಡಗುಗಟ್ಟಲೆ ಈರುಳ್ಳಿ ಕಳಿಸುತ್ತಿದ್ದರು. ಚಿಕ್ಕ ಹಗಲಿಗೇ ಗಡ್ಡೆ ಕಟ್ಟುವ ಆ ತಳಿಯ ಬೀಜ ಬರುತ್ತಿದ್ದದ್ದು ಕ್ಯಾನರಿ ದ್ವೀಪಗಳ ಟೆನೆರಿಫೆಯಿಂದ. 1898ರ ಹೊತ್ತಿಗೆ ಟೆಕ್ಸಾಸಿನ ರೈತರೂ ಆ ತಳಿಯನ್ನು ಬಿತ್ತಿದರು, ‘ಬರ್ಮುಡಾ ಈರುಳ್ಳಿ’ ಎಂಬ ಹೆಸರಿನಲ್ಲೇ ಮಾರಿದರು. ದ್ವೀಪದ ವ್ಯಾಪಾರ ಬಿದ್ದುಹೋಯಿತು.

ಊರಿನ ಹೆಸರು ಹೊತ್ತು ತಿರುಗುವುದು ಈರುಳ್ಳಿಗೆ ಹೊಸದಲ್ಲ. ತಮಿಳುನಾಡಿನಲ್ಲಿ ದೊಡ್ಡ ಈರುಳ್ಳಿಗೆ ಇವತ್ತಿಗೂ ‘ಬೆಲ್ಲಾರಿ ವೆಂಗಾಯಂ’ ಅನ್ನುತ್ತಾರೆ, ಅದು ನಮ್ಮ ಬಳ್ಳಾರಿ. ಕೇರಳದ ‘ಸವಾಳ’ ಪೋರ್ಚುಗೀಸರ ‘ಸೆಬೋಲಾ’. ನಮ್ಮ ಉಳ್ಳಿ ಮಾತ್ರ ದ್ರಾವಿಡ ಭಾಷೆಗಳ ಸ್ವಂತ ಪದ.

ಹೆಸರು ಯಾವ ಊರಿಗೆ ಬೇಕಾದರೂ ಹೋಗುತ್ತದೆ, ಬೀಜ ಹಾಗಲ್ಲ, ಅದಕ್ಕೆ ಊರಿನ ಹಗಲು ಹೊಂದಬೇಕು. ಹಾಗಾಗಿ ನನ್ನ ತಕರಾರು ಇಷ್ಟೇ: ಈರುಳ್ಳಿ ಬೀಜದ ಪ್ಯಾಕೆಟ್ಟಿನ ಮೇಲೆ ಎಷ್ಟು ಗಂಟೆಯ ಹಗಲು ಬೇಕು ಎಂದು ದೊಡ್ಡದಾಗಿ ಅಚ್ಚು ಹಾಕಬೇಕು. ಅಲ್ಲಿಯವರೆಗೆ ‘ಲಾಂಗ್ ಡೇ’ ಎಂದು ಕಂಡರೆ ಕೊಳ್ಳಬೇಡಿ, ‘ಶಾರ್ಟ್ ಡೇ’ ಎಂದಿದ್ದರೆ ಮಾತ್ರ ತನ್ನಿ. ಏನೂ ಬರೆದಿರದಿದ್ದರೆ ಹತ್ತಿರದ ತೋಟಗಾರಿಕೆ ಇಲಾಖೆಯಲ್ಲಿ ನಮ್ಮ ಕಡೆಯ ತಳಿಯ ಬೀಜ ಕೇಳಿ.